ಇರುವ ಮಕ್ಕಳು, ತಕ್ಕ ವ್ಯೂಹ: ಕಬಡ್ಡಿ ಬೋಧನಾಭ್ಯಾಸದ ಕೆಲವು ಅನುಭವಗಳು

ಬೋಧನಾಭ್ಯಾಸಕ್ಕೆ ಹೊರಡುವ ದೈಹಿಕ ಶಿಕ್ಷಣದ ಪ್ರಶಿಕ್ಷಣಾರ್ಥಿಯ ಕಡತದಲ್ಲಿ ಕಬಡ್ಡಿಯ ಒಂದು ಪಾಠಯೋಜನೆ ಇದ್ದೇ ಇರುತ್ತದೆ. ಅದರ ಎರಡನೆಯ ಪುಟದಲ್ಲಿ ಸ್ಕೇಲು ಹಿಡಿದು ಎಳೆದ ಅಂಗಳ, ಅದರೊಳಗೆ ಏಳು ಚುಕ್ಕಿ. ಎಡಕ್ಕೆ ಎರಡು, ನಡುವೆ ಮೂರು, ಬಲಕ್ಕೆ ಎರಡು. ಕೆಳಗೆ ‘2-3-2 ಸರಪಳಿ ವ್ಯೂಹ’ ಎಂಬ ಶೀರ್ಷಿಕೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಶಾಲೆಗಳಿಗೆ ವೀಕ್ಷಣೆಗೆಂದು ಓಡಾಡಿದ ಇಷ್ಟು ವರ್ಷಗಳಲ್ಲಿ ಈ ಚಿತ್ರವನ್ನು ನೂರಾರು ಸಲ ನೋಡಿ ಸಹಿ ಮಾಡಿದ್ದೇನೆ. ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಏಳೂ ಚುಕ್ಕಿಗಳು ಒಂದೇ ಗಾತ್ರ. ಅಂಗಳಕ್ಕೆ ಇಳಿಯುವ ಏಳು ಮಕ್ಕಳು ಹಾಗಿರುವುದಿಲ್ಲ. ಒಬ್ಬನ ಕೈ ಉದ್ದ, ಇನ್ನೊಬ್ಬಳಿಗೆ ಸೊಂಟದಲ್ಲಿ ಬಲ, ಮತ್ತೊಬ್ಬನಿಗೆ ಕಾಲು ಚುರುಕು, ಆದರೆ ಮೈಗೆ ಮೈ ತಾಗಿದರೆ ಅಂಜಿಕೆ. ಚುಕ್ಕಿಯ ಜಾಗದಲ್ಲಿ ಯಾವ ಮಗು ನಿಲ್ಲುತ್ತದೆ ಎಂಬುದನ್ನು ಪಾಠಯೋಜನೆ ಕೇಳುವುದಿಲ್ಲ. ನಾವು ಕೇಳಬೇಕು ಎಂಬುದೇ ಈ ಬರಹದ ಮಾತು.

ಮೊದಲು ಅಂಗಳದ ಲೆಕ್ಕ ನೋಡೋಣ. ಮಹಿಳೆಯರು ಮತ್ತು ಜೂನಿಯರ್ ಬಾಲಕಿಯರ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಸೆಣಸಾಟ ಶುರುವಾದ ಮೇಲಷ್ಟೇ ಆಟಕ್ಕೆ ಸೇರುತ್ತದೆ. ಅಲ್ಲಿಯವರೆಗೆ ಏಳು ಜನ ಕಾಯಬೇಕಾದ ಅಗಲ 6 ಮೀಟರ್. ತಲೆಗೆ ಒಂದು ಮೀಟರಿಗೂ ಕಡಿಮೆ. ಮಧ್ಯರೇಖೆಯಿಂದ 3 ಮೀಟರಿಗೆ ಬಾಕ್ ಗೆರೆ, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಗೆರೆ, ಬೋನಸ್ ಗೆರೆಯ ಹಿಂದೆ ಉಳಿಯುವುದು ಎರಡೇ ಮೀಟರ್. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಲ್ಲಿ ಬಾಕ್ ಗೆರೆ 3.75 ಮೀಟರಿಗೆ, ಬೋನಸ್ ಗೆರೆಯ ಹಿಂದೆ ಉಳಿಯುವುದು 1.75 ಮೀಟರ್. ದಾಳಿಗಾರನಿಗೆ ಇರುವ ಸಮಯ 30 ಸೆಕೆಂಡು. ಇಷ್ಟು ಇಕ್ಕಟ್ಟಿನ ಜಾಗದಲ್ಲಿ, ಇಷ್ಟು ಕಡಿಮೆ ಹೊತ್ತಿನಲ್ಲಿ ಒಂದು ಹೆಜ್ಜೆ ತಡವಾದರೂ ಅಂಕ ಹೋಯಿತು. ಆದ್ದರಿಂದ ಯಾರ ಪಕ್ಕ ಯಾರು ನಿಲ್ಲುತ್ತಾರೆ ಎಂಬುದು ಸಣ್ಣ ವಿಷಯವಲ್ಲ.

ಎಡದಿಂದ ಬಲಕ್ಕೆ ಏಳು ಸ್ಥಾನಗಳು: ಕಾರ್ನರ್, ಇನ್, ಕವರ್, ಸೆಂಟರ್, ಮತ್ತೆ ಕವರ್, ಇನ್, ಕಾರ್ನರ್. ಒಂದೊಂದು ಸ್ಥಾನ ಕೇಳುವ ಗುಣ ಬೇರೆ. ಕಾರ್ನರ್‌ನಲ್ಲಿ ನಿಲ್ಲುವ ಮಗುವಿಗೆ ತಾಳ್ಮೆ ಬೇಕು, ತಗ್ಗಿ ನಿಲ್ಲುವ ಮೊಣಕಾಲು ಬೇಕು. ದಾಳಿಗಾರ ಕಾಲು ಚಾಚಿದ ಕ್ಷಣದಲ್ಲಿ ಪಾದ ಹಿಡಿಯುವ ಕಣ್ಣು ಬೇಕು. ಕವರ್‌ನ ಕೆಲಸ ದಾಳಿಗಾರ ಮರಳುವ ದಾರಿಯನ್ನು ಕಡಿಯುವುದು. ಅದಕ್ಕೆ ನಾಲ್ಕು ಹೆಜ್ಜೆಯ ಓಟ, ಡ್ಯಾಶ್ ಮಾಡುವ ಭುಜ, ಇಲ್ಲವೇ ಅಡ್ಡ ನಿಂತು ಬ್ಲಾಕ್ ಮಾಡುವ ಮೈಕಟ್ಟು ಬೇಕು. ಇನ್ ಸ್ಥಾನದವರು ಸಹಾಯಕರು. ಕಾರ್ನರ್ ಪಾದ ಹಿಡಿದಾಗ ಮೇಲಿನಿಂದ ತೊಡೆಯನ್ನೋ ಸೊಂಟವನ್ನೋ ಹಿಡಿದು ಭಾರ ಹಾಕಬೇಕಾದವರು ಅವರೇ. ಸೆಂಟರ್ ಇಡೀ ಸಾಲನ್ನು ಹಿಂದೆ ಮುಂದೆ ನಡೆಸುತ್ತಾರೆ. ಆ ಸ್ಥಾನಕ್ಕೆ ಬಲಕ್ಕಿಂತ ಬಾಯಿ ಮುಖ್ಯ. ಕೂಗಿ ಹೇಳುವ ಮಗು ಅಲ್ಲಿರಬೇಕು.

2-3-2 ಸರಪಳಿಯಲ್ಲಿ ಕಾರ್ನರ್ ಮತ್ತು ಇನ್ ಕೈ ಹಿಡಿದಿರುತ್ತಾರೆ. ನಡುವಿನ ಮೂವರು ಇನ್ನೊಂದು ಸರಪಳಿ. ಹೊಸ ಮಕ್ಕಳಿಗೆ ಇದರಿಂದ ಲಾಭವಿದೆ. ಕೈಯಲ್ಲಿ ಕೈ ಇದ್ದರೆ ಧೈರ್ಯ ಬರುತ್ತದೆ, ಹಿಂದೆ ಸರಿಯುವಾಗ ಎಲ್ಲರೂ ಒಟ್ಟಿಗೆ ಸರಿಯುತ್ತಾರೆ. ಆದರೆ ಅದು ಒಂದು ಷರತ್ತನ್ನೂ ಹಾಕುತ್ತದೆ. ಕೈ ಹಿಡಿದವರ ಎತ್ತರ, ಹೆಜ್ಜೆಯ ವೇಗ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲದಿದ್ದರೆ ವೇಗದವಳ ಕೈಯನ್ನು ನಿಧಾನದವಳು ಜಗ್ಗುತ್ತಾಳೆ, ಸರಪಳಿ ಕಡಿಯುವುದು ಅಲ್ಲೇ. ದಾಳಿಗಾರ ಹುಡುಕುವುದೂ ಅದೇ ಜಾಗವನ್ನು.

ಹಾವೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಅಲ್ಲಿಯ ಹುಡುಗರು ತೆಳ್ಳಗೆ, ಎತ್ತರ. ನಡುವೆ ಇಬ್ಬರು ಮಾತ್ರ ಗಿಡ್ಡರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಊರೂರಿನಲ್ಲಿ ಆಗಿರುವಂತೆ ಅಲ್ಲಿಯೂ ಎಲ್ಲರಿಗೂ ರೈಡರ್ ಆಗುವ ಆಸೆ, ಹಿಡಿಯುವುದು ಯಾರಿಗೂ ಬೇಡ. ಪ್ರಶಿಕ್ಷಣಾರ್ಥಿ ಯೋಜನೆಯಲ್ಲಿದ್ದಂತೆ 2-3-2 ನಿಲ್ಲಿಸಿದ. ನಡುವಿನ ಸರಪಳಿಯಲ್ಲಿ ಎತ್ತರದವನ ಪಕ್ಕ ಗಿಡ್ಡವನು ಬಂದ. ಮೂರು ದಾಳಿಯಲ್ಲಿ ಮೂರು ಸಲವೂ ಸರಪಳಿ ಬಿಚ್ಚಿತು. ಅಲ್ಲಿಯ ಮಾರ್ಗದರ್ಶಕ ಶಿಕ್ಷಕರು ಬೇವಿನ ಗಿಡದ ಕೆಳಗಿನಿಂದಲೇ, ‘ಕೈ ಬಿಡಿಸ್ರಿ, ಅವರು ಉದ್ದ ಅದಾರ, ಬಿಟ್ಟು ನಿಂತ್ರೂ ಮುಟ್ಟತಾರ’ ಅಂದರು. ಮರುದಿನ ಅವನು ಎರಡೂ ಕಾರ್ನರ್‌ಗಳನ್ನು ಒಂಟಿಯಾಗಿ ಬಿಟ್ಟ, ಇನ್ ಮತ್ತು ಕವರ್ ಜೋಡಿ ಮಾಡಿದ, ಸೆಂಟರ್ ಒಬ್ಬನೇ. ಒಂದು-ಎರಡು-ಒಂದು-ಎರಡು-ಒಂದು. ಗಿಡ್ಡ ಹುಡುಗರಿಬ್ಬರೂ ಕಾರ್ನರ್‌ಗೆ ಹೋದರು. ನೆಲಕ್ಕೆ ಹತ್ತಿರ ಇರುವವರಿಗೆ ಪಾದ ಹತ್ತಿರ. ಉದ್ದ ತೋಳಿನವರು ಕವರ್‌ನಲ್ಲಿ ನಿಂತು ದಾರಿ ಅಡ್ಡಗಟ್ಟಿದರು.

ಆ ಹುಡುಗರಿಗೆ ಹಿಡಿತದ ಪಾಠ ಅರ್ಥವಾದದ್ದು ಅವರದೇ ಮಾತಿನಿಂದ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹೋರಿ ಬಿಡುವುದನ್ನು ನೋಡದ ಹುಡುಗ ಇಲ್ಲ. ‘ಹೋರಿ ಮುಂದ ನಿಂದರಬಾರದು, ಹಾಯಾಕ ಬಿಟ್ಟು ಬಾಜೂಕಿಂದ ಹಿಡೀಬೇಕು’ ಎಂದು ಒಬ್ಬ ಹೇಳಿದ. ದಾಳಿಗಾರ ಒಳಗೆ ಬರುವಾಗ ಹಿಂದೆ ಸರಿಯಬೇಕು, ತಿರುಗಿದಾಗ ಬದಿಯಿಂದ ಮುಚ್ಚಬೇಕು ಎಂದು ಪ್ರಶಿಕ್ಷಣಾರ್ಥಿ ಎರಡು ದಿನ ಹೇಳಿದ್ದನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿದ. ಹೋರಿ ಹಬ್ಬದ ಅಪಾಯ ನಮಗೆಲ್ಲ ಗೊತ್ತಿರುವುದೇ. ನಾನು ಅದನ್ನು ತರಬೇತಿ ಎನ್ನುತ್ತಿಲ್ಲ. ಮಕ್ಕಳು ಅಂಗಳಕ್ಕೆ ಬರುವಾಗ ಏನನ್ನು ಹೊತ್ತು ತಂದಿರುತ್ತಾರೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಇರುವ ಆಟಗಾರರನ್ನು ತಿಳಿಯುವುದೆಂದರೆ ಅವರ ಎತ್ತರ, ತೂಕ ಬರೆದುಕೊಳ್ಳುವುದಷ್ಟೇ ಅಲ್ಲ. ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದೂ ಅದರಲ್ಲಿ ಸೇರುತ್ತದೆ.

ಇದಕ್ಕೆ ದೊಡ್ಡ ಮಟ್ಟದ ಉದಾಹರಣೆಯೂ ಇದೆ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಸೇರಿದಾಗಿನಿಂದ ಪುರುಷರ ಚಿನ್ನವನ್ನು ಭಾರತವೇ ಗೆಲ್ಲುತ್ತ ಬಂದಿತ್ತು. 2018ರಲ್ಲಿ ಜಕಾರ್ತದಲ್ಲಿ ಇರಾನ್ ತಂಡ ಸೆಮಿಫೈನಲ್‌ನಲ್ಲಿ ನಮ್ಮನ್ನು 27-18ರಿಂದ ಸೋಲಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್ ಗೆದ್ದಿತು. ಇರಾನ್ ಕುಸ್ತಿಯ ನಾಡು. ಕಾಲಿಗೆ ಕೈ ಹಾಕುವುದು, ಹಿಡಿದದ್ದನ್ನು ಬಿಡದಿರುವುದು ಅಲ್ಲಿಯ ಮೈಗಳಿಗೆ ರೂಢಿ. ಅವರು ನಮ್ಮ ಆಟವನ್ನು ನಮ್ಮಂತೆಯೇ ಆಡಲು ಹೊರಡಲಿಲ್ಲ. ತಮ್ಮಲ್ಲಿರುವ ಬಲದ ಮೇಲೆ ರಕ್ಷಣೆಯನ್ನು ಕಟ್ಟಿದರು. ಗರಡಿಮನೆಗಳಿರುವ ನಮ್ಮ ಊರುಗಳಿಗೂ ಇದರಲ್ಲಿ ಪಾಠವಿದೆ.

ರಾಣೇಬೆನ್ನೂರಿನ ಕಷ್ಟ ಬೇರೆ. ಪಟ್ಟಣದ ದೊಡ್ಡ ಶಾಲೆ, ಒಂದೇ ತರಗತಿಯಿಂದ ನಲವತ್ತು ಹುಡುಗರು ಅಂಗಳಕ್ಕೆ ಬಂದರು. ಆಯ್ಕೆಗೆ ಬೇಕಾದಷ್ಟು ಅವಕಾಶ. ಪ್ರಶಿಕ್ಷಣಾರ್ಥಿ ಸಹಜವಾಗಿಯೇ ಗಟ್ಟಿಮುಟ್ಟಾದ ಏಳು ಜನರನ್ನು ಆರಿಸಿದ. ಎಲ್ಲರೂ ಬಲಶಾಲಿಗಳು, ಎಲ್ಲರೂ ಒಂದೇ ಬಗೆಯವರು. ಎದುರು ತಂಡದ ಸಣಕಲು ಹುಡುಗನೊಬ್ಬ ಬಂದು ಯಾರ ಕೈಗೂ ಸಿಗದೆ ಬೋನಸ್ ಗೆರೆ ದಾಟಿ ಹೋಗುತ್ತಿದ್ದ. ಆರು ಅಥವಾ ಏಳು ಜನ ಅಂಗಳದಲ್ಲಿದ್ದಾಗ ಮಾತ್ರ ಬೋನಸ್ ಸಿಗುತ್ತದೆ ಎಂಬುದು ನಿಯಮ. ಅವನು ಪ್ರತಿ ದಾಳಿಯಲ್ಲೂ ಒಂದು ಅಂಕ ತೆಗೆದುಕೊಂಡು, ಯಾರನ್ನೂ ಔಟ್ ಮಾಡದೆ, ಏಳು ಜನರನ್ನು ಏಳು ಜನರಾಗಿಯೇ ಉಳಿಸಿ ಸೋಲಿಸುತ್ತಿದ್ದ. ಹೊರಗೆ ಕುಳಿತ ಮೂವತ್ಮೂರು ಮಕ್ಕಳಲ್ಲಿ ಇಂಥ ಹುಡುಗನನ್ನು ಹಿಡಿಯಬಲ್ಲ ಚುರುಕಿನ ಕಾರ್ನರ್ ಖಂಡಿತ ಇದ್ದ. ಆದರೆ ಆಯ್ಕೆಯ ಮಾನದಂಡ ಅವನನ್ನು ಮೊದಲೇ ಹೊರಗಿಟ್ಟಿತ್ತು. ಅಂದರೆ ಮಕ್ಕಳು ಹೆಚ್ಚಿದ್ದರೆ ಸಮಸ್ಯೆ ತಾನಾಗಿ ಬಗೆಹರಿಯುವುದಿಲ್ಲ. ಏಳು ಜನ ಒಳ್ಳೆಯವರು ಸಾಲದು, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಏಳು ಜನ ಬೇಕು.

ಬ್ಯಾಡಗಿಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಆಯ್ಕೆ ಎಂಬ ಮಾತೇ ಇರಲಿಲ್ಲ. ಕಬಡ್ಡಿಗೆ ಬರಲು ಒಪ್ಪಿದವರು ಎಂಟು ಹುಡುಗಿಯರು. ನಿಯಮದಂತೆ ತಂಡದಲ್ಲಿ ಹನ್ನೆರಡು ಮಂದಿ ಇರಬಹುದು, ಇಲ್ಲಿ ಏಳು ಜನ ಅಂಗಳಕ್ಕೆ ಇಳಿದರೆ ಹೊರಗೆ ಉಳಿಯುವುದು ಒಬ್ಬಳೇ. ಮೆಣಸಿನಕಾಯಿ ಮಾರುಕಟ್ಟೆಯ ಹಂಗಾಮು ಬಂದರೆ ತಾಯಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ, ಮನೆಯ ಕೆಲಸ ಹುಡುಗಿಯರ ಮೇಲೆ ಬೀಳುತ್ತದೆ. ಆಗ ಎಂಟು ಆರಾಗುತ್ತದೆ. ಇದ್ದ ಎಂಟರಲ್ಲೂ ಒಬ್ಬಳು ದಪ್ಪಗಿದ್ದಾಳೆಂದು ಎಂದೂ ಆಡಿದವಳಲ್ಲ. ಪ್ರತಿ ವರ್ಷ ಅವಳಿಗೆ ಅಂಕ ಬರೆಯುವ ಕೆಲಸ. ಅವಳೂ ಅದನ್ನೇ ತನ್ನ ಕೆಲಸವೆಂದು ಒಪ್ಪಿಕೊಂಡು, ನಾವು ಹೋದ ದಿನವೂ ಪೆನ್ಸಿಲ್ಲು ಹಿಡಿದುಕೊಂಡೇ ಬಂದಿದ್ದಳು.

ಅಲ್ಲಿಗೆ ಹೋದ ಪ್ರಶಿಕ್ಷಣಾರ್ಥಿ ತಾನೂ ಕಾಲೇಜು ತಂಡಕ್ಕೆ ಆಡಿದವಳು. ಮೊದಲ ಎರಡು ದಿನ ಅವಳು ವ್ಯೂಹದ ಮಾತೆತ್ತಲಿಲ್ಲ. ಮುಟ್ಟಾಟ, ಹಗ್ಗ ಜಗ್ಗಾಟ, ಇಬ್ಬಿಬ್ಬರು ಕೈ ಹಿಡಿದು ಮೂರನೆಯವರನ್ನು ತಡೆಯುವ ಆಟ. ಪ್ರತಿ ಆಟದ ನಂತರ ನೋಟ್‌ಬುಕ್‌ನಲ್ಲಿ ಎಂಟು ಹೆಸರುಗಳ ಮುಂದೆ ಒಂದೊಂದು ಸಾಲು ಬರೆದಳು. ದಪ್ಪ ಹುಡುಗಿಯ ಮುಂದೆ ಬರೆದದ್ದು: ‘ಓಡುವುದಿಲ್ಲ. ಹಿಡಿದರೆ ಬಿಡುವುದಿಲ್ಲ.’ ಇನ್ನೊಬ್ಬ ಸಣ್ಣ ಹುಡುಗಿಯ ಮುಂದೆ: ‘ಪಾದಕ್ಕೆ ಕೈ ಹಾಕುತ್ತಾಳೆ, ಜಗ್ಗಿದರೆ ಜಾರುತ್ತಾಳೆ.’ ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಬಲಗಡೆಯ ವ್ಯೂಹ ತಾನಾಗಿ ಸಿದ್ಧವಾಯಿತು. ಸಣ್ಣವಳು ಕಾರ್ನರ್, ಅವಳ ಕೈ ಹಿಡಿದು ದಪ್ಪ ಹುಡುಗಿ ಇನ್. ಒಬ್ಬಳು ಪಾದ ಹಿಡಿಯುವುದು, ಇನ್ನೊಬ್ಬಳು ಎರಡೇ ಹೆಜ್ಜೆ ಇಟ್ಟು ಸೊಂಟ ಹಿಡಿಯುವುದು. ಎಡಗಡೆ ಅಂಥ ಜೋಡಿ ಇರಲಿಲ್ಲ, ಅಲ್ಲಿ ಹುಡುಗಿಯರನ್ನು ಬಿಡಿಬಿಡಿಯಾಗಿ ನಿಲ್ಲಿಸಿದಳು. ಒಂದು ಬದಿ ಸರಪಳಿ, ಇನ್ನೊಂದು ಬದಿ ಬಿಡಿ. ಅಂಥ ಚಿತ್ರ ನಮ್ಮ ಕಡತಗಳಲ್ಲಿ ಇಲ್ಲ. ಅವಳು ಆ ಎಂಟು ಜನರನ್ನು ನೋಡಿ ಅದನ್ನು ಬರೆದಳು.

ಆ ತಂಡ ವಲಯ ಮಟ್ಟದಲ್ಲಿ ಒಂದು ಪಂದ್ಯ ಗೆದ್ದು ಮುಂದಿನದರಲ್ಲಿ ಸೋತಿತು. ಸೋತ ಪಂದ್ಯದಲ್ಲೂ ಬಲಗಡೆಯಿಂದ ನಾಲ್ಕು ಹಿಡಿತ ಬಂದವು. ಅಂಕಪಟ್ಟಿಯನ್ನು ಅಂದು ಬೇರೆ ಯಾರೋ ಬರೆದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಯೋಜನೆಗಳಲ್ಲಿ ಯಾವಾಗಲೂ ಏಳು ಚುಕ್ಕಿ. ಆದರೆ ಶಾಲಾ ಪಂದ್ಯಗಳ ಬಹುಪಾಲು ಆಟ ನಡೆಯುವುದು ನಾಲ್ಕೈದು ಜನರಿಂದ. ಔಟಾದವರು ಮರಳಿ ಬರುವುದೂ ಔಟಾದ ಕ್ರಮದಲ್ಲೇ. ಮೊದಲು ಹೋದವರು ಮೊದಲು ಬರುತ್ತಾರೆ. ನಮಗೆ ಆ ಹೊತ್ತಿಗೆ ಕಾರ್ನರ್ ಬೇಕಿದ್ದರೂ ಬರುವವಳು ಸೆಂಟರ್ ಆಗಿರಬಹುದು. ಐದಕ್ಕೆ ಇಳಿದರೆ ಎದುರಾಳಿಗೆ ಬೋನಸ್ ಇಲ್ಲ. ಅವಳು ಮುಟ್ಟಲೇಬೇಕು, ಅಂದರೆ ಹತ್ತಿರ ಬರಲೇಬೇಕು. ಮೂರಕ್ಕೆ ಇಳಿದಾಗ ಹಿಡಿದರೆ, ಪ್ರೊ ಕಬಡ್ಡಿಯಲ್ಲಿ ಕಾಣುವಂತೆ, ಸೂಪರ್ ಟ್ಯಾಕಲ್‌ಗೆ ಒಂದು ಅಂಕ ಹೆಚ್ಚು. ಆದ್ದರಿಂದ ಏಳರ ವ್ಯೂಹವನ್ನು ಮಾತ್ರ ಕಲಿಸಿದ ತಂಡ ಆಟದ ಅರ್ಧವನ್ನಷ್ಟೇ ಕಲಿತಿರುತ್ತದೆ. ಬ್ಯಾಡಗಿಯ ಪ್ರಶಿಕ್ಷಣಾರ್ಥಿ ಇದಕ್ಕೆ ಸುಲಭದ ಅಭ್ಯಾಸವೊಂದನ್ನು ಕಂಡುಕೊಂಡಿದ್ದಳು. ಸೀಟಿ ಊದಿ ಯಾರಾದರೂ ಇಬ್ಬರ ಹೆಸರು ಕರೆದು ಹೊರಗೆ ಕಳಿಸುವುದು, ಉಳಿದವರು ಐದು ಎಣಿಸುವುದರೊಳಗೆ ಹೊಸದಾಗಿ ನಿಲ್ಲುವುದು. ಮೊದಲ ದಿನ ಗದ್ದಲ, ನಾಲ್ಕನೆಯ ದಿನ ಹುಡುಗಿಯರೇ ಒಬ್ಬರಿಗೊಬ್ಬರು ಜಾಗ ಹೇಳುತ್ತಿದ್ದರು.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಡುವ ಫುಟ್ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಆಟ, ಒಂದು ಕಡೆಗೆ ಹನ್ನೊಂದು ಜನ. ಅಲ್ಲಿಯ ರಕ್ಷಣೆಯಲ್ಲೂ ಇದೇ ಚರ್ಚೆ ಹಳೆಯದು. ಮುಂದಿನ ಸಾಲಿನಲ್ಲಿ ನಾಲ್ವರು, ಅವರ ಹಿಂದೆ ಮೂವರು ಎಂಬುದು ಒಂದು ವ್ಯೂಹ. ಮುಂದೆ ಮೂವರು, ಹಿಂದೆ ನಾಲ್ವರು ಎಂಬುದು ಇನ್ನೊಂದು. ಮುಂದೆ ಮೂವರೇ ನಿಲ್ಲಬೇಕಾದರೆ ನಡುವಿನವನು ಇಬ್ಬರು ಎದುರಾಳಿಗಳ ಭಾರ ತಡೆಯುವ ದೈತ್ಯನಾಗಿರಬೇಕು. ಅಂಥವನು ಸಿಗದಿದ್ದರೆ ಆ ವ್ಯೂಹ ಕಾಗದದ ಮೇಲೆ ಮಾತ್ರ. ಎದುರಾಳಿ ಚೆಂಡನ್ನು ದೂರ ಎಸೆಯುವವನಾದರೆ ಭಾರದವರನ್ನು ಕಡಿಮೆ ಮಾಡಿ ಓಟಗಾರರನ್ನು ಹೆಚ್ಚಿಸುತ್ತಾರೆ. ಅಲ್ಲಿಯ ಕೋಚ್‌ಗೆ ಒಂದು ಅನುಕೂಲವಿದೆ. ತನ್ನ ವ್ಯೂಹಕ್ಕೆ ಬೇಕಾದ ಹುಡುಗರನ್ನು ಪ್ರೌಢಶಾಲೆಗಳಿಂದಲೇ ಹುಡುಕಿ, ವಿದ್ಯಾರ್ಥಿವೇತನ ಕೊಟ್ಟು ಕರೆತರಬಹುದು. ಆದರೂ ಕೋಚ್ ಬದಲಾದ ವರ್ಷ ಹಿಂದಿನವನ ವ್ಯೂಹಕ್ಕೆಂದು ಬಂದ ಹುಡುಗರು ಅಲ್ಲೇ ಇರುತ್ತಾರೆ. ಹೊಸಬ ಅವರನ್ನು ಇಟ್ಟುಕೊಂಡೇ ಆಡಿಸಬೇಕು. ಬೋಧನಾಭ್ಯಾಸಕ್ಕೆ ಹೋಗುವ ನಮ್ಮವರ ಸ್ಥಿತಿ ಪ್ರತಿ ಸಲವೂ ಆ ಹೊಸ ಕೋಚ್‌ನದು. ಮಕ್ಕಳು ಬೇರೆಯವರ ಕೈಯಲ್ಲಿ ಬೆಳೆದವರು, ದಿನಗಳು ಕೆಲವೇ, ಹೊಸಬರನ್ನು ಕರೆತರುವ ದಾರಿ ಇಲ್ಲ.

ಇಷ್ಟು ಹೇಳಿದಾಗ ಸಹೋದ್ಯೋಗಿಗಳು ಒಂದು ಪ್ರಶ್ನೆ ಎತ್ತುತ್ತಾರೆ, ಅದು ಸರಿಯಾದ ಪ್ರಶ್ನೆ. ಮಗು ಇದ್ದ ಹಾಗೆಯೇ ವ್ಯೂಹ ಮಾಡಿದರೆ ಮಗು ಅಲ್ಲಿಯೇ ಉಳಿಯುವುದಿಲ್ಲವೇ? ‘ಓಡುವುದಿಲ್ಲ’ ಎಂದು ಬರೆದವಳನ್ನು ಓಡದ ಜಾಗದಲ್ಲೇ ನಿಲ್ಲಿಸಿದರೆ ಅವಳು ಓಡುವುದನ್ನು ಕಲಿಯುವುದು ಯಾವಾಗ? ತರಗತಿಯಲ್ಲೂ ಇದೇ ಅಪಾಯ. ನಿಧಾನ ಕಲಿಯುವವರ ಸಾಲು ಎಂದು ಒಮ್ಮೆ ಗುರುತಿಸಿದರೆ ಆ ಸಾಲು ವರ್ಷವಿಡೀ ಕದಲುವುದಿಲ್ಲ.

ನನ್ನ ಉತ್ತರ ಇಷ್ಟು. ಪಂದ್ಯದ ದಿನವೇ ಬೇರೆ, ಅಭ್ಯಾಸದ ದಿನವೇ ಬೇರೆ. ಪಂದ್ಯದ ದಿನ ಮಗು ಇಂದು ಏನು ಮಾಡಬಲ್ಲದೋ ಅದರ ಮೇಲೆ ವ್ಯೂಹ ನಿಲ್ಲಬೇಕು. ಮಾಡಲಾಗದ್ದನ್ನು ಮಾಡೆಂದು ನಿಲ್ಲಿಸಿದರೆ ಅಂಕ ಹೋಗುವುದಷ್ಟೇ ಅಲ್ಲ, ಮೊಣಕಾಲೂ ಹೋಗುತ್ತದೆ. ಡ್ಯಾಶ್ ಮಾಡಲು ಬಾರದವಳನ್ನು ಕವರ್‌ನಲ್ಲಿ ನಿಲ್ಲಿಸಿದರೆ ಗಾಬರಿಯಿಂದ ಬಟ್ಟೆಗೆ ಕೈ ಹಾಕುತ್ತಾಳೆ, ಕಾಲಿನಿಂದ ಕತ್ತರಿ ಹಾಕುತ್ತಾಳೆ. ಎರಡೂ ನಿಯಮಬಾಹಿರ, ಎರಡನೆಯದು ಅಪಾಯಕಾರಿ ಕೂಡ. ಹಳ್ಳಿಯಲ್ಲಿ ಒಬ್ಬ ಹುಡುಗಿಗೆ ಪೆಟ್ಟಾದರೆ ಮರುವರ್ಷ ನಾಲ್ಕು ಮನೆಯವರು ಹುಡುಗಿಯರನ್ನು ಅಂಗಳಕ್ಕೆ ಕಳಿಸುವುದಿಲ್ಲ. ಅಭ್ಯಾಸದ ದಿನ ಮಾತ್ರ ಸ್ಥಾನಗಳು ತಿರುಗುತ್ತಿರಬೇಕು. ವಾರಕ್ಕೊಮ್ಮೆಯಾದರೂ ಕಾರ್ನರ್ ಕವರ್ ಆಗಲಿ, ಇನ್ ಸೆಂಟರ್ ಆಗಲಿ. ಅಲ್ಲಿ ತಪ್ಪಿದರೆ ನಷ್ಟವಿಲ್ಲ. ಎಂಟು ಹೆಸರುಗಳ ಮುಂದಿನ ಸಾಲುಗಳನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು, ತಿಂಗಳಿಗೊಮ್ಮೆ ಅಳಿಸಿ ಮತ್ತೆ ಬರೆಯಬೇಕು.

ನಮ್ಮ ರಾಜ್ಯ ಕಬಡ್ಡಿಗೆ ದೊಡ್ಡ ಆಟಗಾರರನ್ನು ಕೊಟ್ಟಿದೆ. ಕಾರ್ಕಳದ ಕಡೆಯ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. ಬಿ.ಸಿ. ರಮೇಶ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದು, ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೆ ಪ್ರೊ ಕಬಡ್ಡಿ ಪ್ರಶಸ್ತಿ ತಂದುಕೊಟ್ಟವರು. ಇಂಥ ಹೆಸರುಗಳನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಅವರ ತಂಡಗಳ ವ್ಯೂಹವನ್ನು ಟಿವಿಯಲ್ಲಿ ನೋಡಿ ಹಾಗೆಯೇ ನಿಲ್ಲಿಸಬಾರದು. ಆ ಲೀಗ್‌ನಲ್ಲಿ ಕಾರ್ನರ್ ಬೇಕೆಂದರೆ ಹರಾಜಿನಲ್ಲಿ ಕೊಳ್ಳಬಹುದು. ನಮ್ಮ ಶಾಲೆಯ ಕಾರ್ನರ್ ಹಾಜರಿ ಪುಸ್ತಕದಲ್ಲೇ ಇದ್ದಾಳೆ, ಹುಡುಕಿಕೊಳ್ಳಬೇಕು.

ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಅಂಗಳದ ಚಿತ್ರ ಬರೆಯುವ ಮೊದಲು ಒಂದು ಪುಟ ಖಾಲಿ ಬಿಡಿ. ಶಾಲೆಗೆ ಹೋಗಿ ಎರಡು ದಿನ ಸಣ್ಣ ಆಟಗಳನ್ನು ಆಡಿಸಿ, ಆ ಪುಟದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಮಾಡಿದ್ದನ್ನು ಬರೆಯಿರಿ. ಮಾಡಲಾಗದ್ದನ್ನು ಬರೆಯುವುದಾದರೆ ಮಾಡಿದ್ದೊಂದನ್ನೂ ಜೊತೆಗೆ ಬರೆಯಿರಿ. ಯಾವ ತಿಂಗಳಲ್ಲಿ ಯಾರು ಬರಲಾರರು ಎಂಬುದನ್ನು ಕೇಳಿ ತಿಳಿಯಿರಿ. ಆಮೇಲೆ ಏಳರ ಚಿತ್ರ, ಐದರ ಚಿತ್ರ, ಮೂರರ ಚಿತ್ರ, ಮೂರನ್ನೂ ಹೆಸರು ಹಾಕಿ ಬರೆಯಿರಿ. ಚುಕ್ಕಿ ಬೇಡ.

ಬೋಧಕ ಮಿತ್ರರಲ್ಲೂ ಒಂದು ಮಾತು. ನಮ್ಮ ವೀಕ್ಷಣಾ ಪತ್ರದಲ್ಲಿ ‘ಯೋಜನೆಯಂತೆ ಪಾಠ ನಡೆಯಿತೇ’ ಎಂಬ ಅಂಕಣಕ್ಕೆ ಅಂಕಗಳಿವೆ. ಮಕ್ಕಳನ್ನು ನೋಡಿ ಯೋಜನೆಯನ್ನು ಬದಲಿಸಿದವರಿಗೆ ಅಲ್ಲಿ ಅಂಕ ಕಡಿಮೆಯಾಗುತ್ತದೆ. ಎರಡನೆಯ ದಿನದ ಯೋಜನೆ ಮೊದಲನೆಯ ದಿನದ್ದಕ್ಕಿಂತ ಎಲ್ಲಿ ಬದಲಾಯಿತು, ಯಾವ ಮಗುವಿನಿಂದಾಗಿ ಬದಲಾಯಿತು ಎಂದು ಕೇಳುವ ಇನ್ನೊಂದು ಅಂಕಣವನ್ನು ಸೇರಿಸಿಕೊಂಡರೆ ಸಾಕು. ಮುಂದಿನ ಸಾಲಿನ ಶಿಬಿರಕ್ಕೆ ಮುಂಚೆ ಇದನ್ನು ಕುಳಿತು ಚರ್ಚಿಸೋಣ.